ಕಾವಿಗೆ ಕೂತು ದಾರಿ ಅಡ್ಡಗಟ್ಟಿರುವ ಕೆಂಚಿಯವರ ಗಮನಕ್ಕೆ

ಇಂದ:
ಸರಣ್ಯಾ, ಹೊಲಿಗೆ ಕೆಲಸ,
ಸಿದ್ದಾಜಮ್ಮನವರ ಮನೆಯ ಹಿಂದಿನ ಮನೆ,
ಮಸಿನಗುಡಿ, ನೀಲಗಿರಿ ಜಿಲ್ಲೆ.

ಗೆ:
ಶ್ರೀಮತಿ ಕೆಂಚಿಯವರು, ನಾಟಿ ಕೋಳಿ,
ಹಾಲಿ ವಾಸ: ಗೂಡು, ಅರ್ಜಿದಾರಳ ಕಾಲುದಾರಿ,
ಅದೇ ಊರು.

ವಿಷಯ: ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವ ಮೊದಲು ಕೇಳಬೇಕಾದವರನ್ನು ಕೇಳಿ, ಕಾಯಬೇಕಾದಷ್ಟು ಕಾದು, ಉತ್ತರ ಬಾರದ ಕಾರಣ, ತಾವು ಸ್ವಲ್ಪ ಹೊತ್ತು ಎದ್ದು ನಿಲ್ಲುವಂತೆ ಕೋರಿ.

ಉಲ್ಲೇಖ:
1. ಅರ್ಜಿದಾರಳು ಸಿದ್ದಾಜಮ್ಮನವರನ್ನು ಬಾಯಿಮಾತಿನಲ್ಲಿ ಕೇಳಬೇಕಾಗಿದ್ದ ಮನವಿ (ಇನ್ನೂ ಕೇಳಿಲ್ಲ).
2. ಸಿದ್ದಾಜಮ್ಮನವರ ಮಗ ಗುರುಮೂರ್ತಿಯವರಿಗೆ ಕೊಟ್ಟ ಕಾಗದ (ಅವರ ಜೀಪಿನಲ್ಲಿದೆ).
3. ವಕೀಲರ ರಿಜಿಸ್ಟರ್ ನೋಟೀಸು (ತಮ್ಮ ಕೆಳಗಿದೆ).
4. ಅರ್ಜಿದಾರಳ ತಾಯಿಯವರ ಮೌಖಿಕ ಆದೇಶ: “ಮನುಷ್ಯರ ಮುಂದೆ ಬಾಯಿ ಬುಡಲ್ಲ ನೀನು. ಹೋಗು, ಆ ಕೋಳಿಗಾದ್ರೂ ಹೇಳು.”

ಮಾನ್ಯರೇ,

ಈ ಪ್ರಕರಣ ಶುರುವಾದದ್ದು ಬೆಳ್ಳುಳ್ಳಿಯಿಂದ. ಸಿದ್ದಾಜಮ್ಮನವರ ಅಡುಗೆಮನೆಯ ನೆಲದ ಮೇಲೆ ಕೂತು ಅರ್ಜಿದಾರಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುಲಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೊರ ಅಲ್ಲಿತ್ತು, ಬೆಳ್ಳುಳ್ಳಿ ಮೊರದಲ್ಲಿತ್ತು, ಕೈಗೊಂದು ಕೆಲಸ ಕೊಟ್ಟರೆ ಬಾಯಿಗೆ ಧೈರ್ಯ ಬಂದೀತು ಎಂದು ಅವಳಾಗಿಯೇ ಶುರುವಿಟ್ಟುಕೊಂಡಿದ್ದಳು. ಸಿದ್ದಾಜಮ್ಮನವರು ಅವಳಿಗೆ ಬೆನ್ನು ಮಾಡಿ ಒಲೆಯ ಮೇಲೆ ಹಿಟ್ಟು ತಿರುವುತ್ತಿದ್ದರು. ಹಿಟ್ಟಿನ ಕೋಲು ಮಡಕೆಗೆ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಾವು ಹೊಸ್ತಿಲ ಮೇಲೆ ಒಂಟಿ ಕಾಲಿನಲ್ಲಿ ನಿಂತು ಅರ್ಜಿದಾರಳನ್ನು ಒಂದೇ ಕಣ್ಣಿನಿಂದ ನೋಡುತ್ತಿದ್ದಿರಿ. ಆಗ ತಾವಿನ್ನೂ ಕಾವಿಗೆ ಕೂತಿರಲಿಲ್ಲ. ಗೂಡು ಮಾತ್ರ ಆಗಲೇ ಎದ್ದಿತ್ತು.

ಅರ್ಜಿದಾರಳು ಅಲ್ಲಿಗೆ ಬಂದದ್ದು ಒಂದೇ ಒಂದು ಮಾತು ಹೇಳುವುದಕ್ಕೆ: “ಅತ್ತೆ, ನಿಮ್ಮ ಕೋಳಿಗೂಡು ನಮ್ಮ ದಾರೀಲಿದೆ.” ಮನೆಯಲ್ಲಿ ಇದನ್ನು ನಾಲ್ಕಾರು ಸಲ ಹೇಳಿ ನೋಡಿಕೊಂಡೇ ಹೊರಟಿದ್ದಳು. ಬೆಳ್ಳುಳ್ಳಿ ಮುಗಿಯಿತು. ಮಾತು ಶುರುವಾಗಲಿಲ್ಲ.

“ಏನ್ ಕೂಸೇ ಇದು, ಮೊರ ತುಂಬ ಸುಲ್ದುಬುಟ್ಟಲ್ಲ!” ಎಂದು ಸಿದ್ದಾಜಮ್ಮನವರು ತಿರುಗಿ ನೋಡಿ ಕೆನ್ನೆಗೆ ಕೈಯಿಟ್ಟುಕೊಂಡರು. “ಮದ್ವೆ ಮನೆಗೂ ಇಷ್ಟು ಬೇಡ ಕನ. ಇರ್ಲಿ ಬುಡು, ಉಪ್ಪಿನಕಾಯಿ ಹಾಕ್ತೀನಿ. ಏಳು, ಕೈ ತೊಳ್ಕೊ, ಉಣ್ಣು.”

ಅರ್ಜಿದಾರಳು ಕೈ ತೊಳೆದುಕೊಂಡು ಉಂಡಳು. ಉಂಡ ಮನೆಯಲ್ಲಿ ಅದೇ ದಿನ ತಕರಾರು ತೆಗೆಯುವುದು ಅವಳ ಮನೆಯವರು ಬಲ್ಲ ಪದ್ಧತಿಯಲ್ಲ. ಆದ್ದರಿಂದ ಹಾಗೆಯೇ ಮನೆಗೆ ಹಿಂದಿರುಗಿದಳು. ಕೆಲವು ದಿನಗಳಲ್ಲಿ ಒಂದು ಬಾಟಲಿ ಬೆಳ್ಳುಳ್ಳಿ ಉಪ್ಪಿನಕಾಯಿ ಬಂದಿತು. ಈ ಪ್ರಕರಣದಲ್ಲಿ ಎದುರುದಾರರಿಂದ ಬಂದ ಮೊದಲ ಉತ್ತರ ಅದೇ.

ಮುಂದೆ ಹೋಗುವ ಮುನ್ನ ಎರಡು ವಿವರಣೆ. ಕೋರ್ಟಿನ ಕಾಗದದಲ್ಲಿ ‘ನಾನು’ ಎಂದು ಬರೆಯುವಂತಿಲ್ಲ, ‘ಅರ್ಜಿದಾರಳು’ ಎನ್ನಬೇಕು ಎಂದು ವಕೀಲರು ತಿಳಿಸಿದ್ದಾರೆ. ಇದು ಅರ್ಜಿದಾರಳಿಗೆ ತುಂಬ ಅನುಕೂಲವಾಯಿತು, ಏಕೆಂದರೆ ‘ನಾನು’ ಎಂಬ ಮಾತು ಮೊದಲಿಂದಲೂ ಅವಳ ಗಂಟಲಲ್ಲೇ ನಿಲ್ಲುತ್ತದೆ. ಇನ್ನು ಭಾಷೆ. ವಕೀಲರ ನೋಟೀಸು ತಮಿಳಿನಲ್ಲಿತ್ತು. ತಾವು ಸಿದ್ದಾಜಮ್ಮನವರ ಕನ್ನಡದ ಬೈಗುಳಕ್ಕೆ ಮಾತ್ರ ತಿರುಗಿ ನೋಡುವುದನ್ನು ಗಮನಿಸಿ, ಅರ್ಜಿದಾರಳು ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿದ್ದು ಏಳನೇ ತರಗತಿಯವರೆಗೆ ಕಲಿತ ಕನ್ನಡದಲ್ಲಿಯೇ ಇದನ್ನು ಬರೆಯುತ್ತಿದ್ದಾಳೆ. ತಪ್ಪಿದ್ದಲ್ಲಿ ಮನ್ನಿಸಬೇಕು.

ಪ್ರಕರಣದ ಸಂಗತಿಗಳು ಹೀಗಿವೆ:

1. ಸಿದ್ದಾಜಮ್ಮನವರ ಮನೆ ರಸ್ತೆಗೆ ಇದೆ, ಅರ್ಜಿದಾರಳ ಮನೆ ಅದರ ಹಿಂದೆ. ನಡುವೆ ಒಂದು ಕಾಲುದಾರಿ. ಎರಡೂ ಮನೆಯ ಪಟ್ಟಾ ಹಕ್ಕುಪತ್ರದಲ್ಲಿ ಅದು ಇಬ್ಬರಿಗೂ ಸೇರಿದ್ದು ಎಂದು ಬರೆದಿದೆ. ಅರ್ಜಿದಾರಳಿಗೆ ರಸ್ತೆ ಮುಟ್ಟಲು ಇರುವುದು ಅದೊಂದೇ ದಾರಿ. ಹಿಂದುಗಡೆ ಲಾಂಟಾನದ ಪೊದೆ, ಪೊದೆಯ ಆಚೆ ಕಾಡು. ಅಲ್ಲಿಂದ ಓಡಾಡುವವರು ಆನೆಗಳು. ಅವರ ಮೇಲೆ ಅರ್ಜಿದಾರಳ ತಕರಾರೇನೂ ಇಲ್ಲ.

2. ಹಿತ್ತಲಿನ ಹಳೆಯ ಗೂಡಿಗೆ ಕಾಡುಬೆಕ್ಕು ನುಗ್ಗಿ ತಮ್ಮ ಇಬ್ಬರು ಅಕ್ಕಂದಿರನ್ನು ಹೊತ್ತುಕೊಂಡು ಹೋದದ್ದು ತಮಗೆ ನೆನಪಿರಬಹುದು. ಅದಾದ ಮೇಲೆ ಗುರುಮೂರ್ತಿಯವರು ಈ ಕಾಲುದಾರಿಯ ಇಕ್ಕಟ್ಟಾದ ಜಾಗವನ್ನು ಆರಿಸಿಕೊಂಡರು. ಅಲ್ಲಿ ಒಂದು ಕಡೆ ಅವರ ಅಡುಗೆಮನೆಯ ಗೋಡೆ, ಇನ್ನೊಂದು ಕಡೆ ಅರ್ಜಿದಾರಳ ಮನೆಯ ಗೋಡೆ. ಎರಡು ಗೋಡೆ ಪುಕ್ಕಟೆ ಸಿಕ್ಕವು, ಇನ್ನೆರಡನ್ನು ಇಟ್ಟಿಗೆಯಲ್ಲಿ ಆಳೆತ್ತರಕ್ಕೆ ಕಟ್ಟಿ, ಮೇಲೆ ತಗಡು ಹೊದಿಸಿ, ಸಿದ್ದಾಜಮ್ಮನವರ ಕಡೆಗೆ ಬಾಗಿಲಿಟ್ಟರು. ಕಟ್ಟುವಾಗ ಅರ್ಜಿದಾರಳು ಕಿಟಕಿಯಿಂದ ನೋಡುತ್ತಲೇ ಇದ್ದಳು. “ಎರಡು ದಿನಕ್ಕೆ ತಂಗಿ, ಆಮೇಲೆ ಹಿತ್ಲಿಗೆ ಸಾಗಿಸ್ತೀನಿ” ಎಂದರು ಗುರುಮೂರ್ತಿಯವರು. ಅರ್ಜಿದಾರಳು ತಲೆಯಾಡಿಸಿದಳು. ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ಎಣಿಸಬಾರದು. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಾಳೆ.

3. ಅಂದಿನಿಂದ ಅರ್ಜಿದಾರಳು ರಸ್ತೆಗೆ ಹೋಗಬೇಕಾದರೆ ಸಿದ್ದಾಜಮ್ಮನವರ ಹಿಂಬಾಗಿಲಿನಿಂದ ಒಳಹೊಕ್ಕು, ಅಡುಗೆಮನೆ ದಾಟಿ, ಮುಂಬಾಗಿಲಿನಿಂದ ಹೊರಬರಬೇಕು. ಹಿಂದಿರುಗುವಾಗಲೂ ಹಾಗೆಯೇ. ಹೋಗುವಾಗ ಕಾಫಿ, ಬರುವಾಗ ಊಟ. ಜೊತೆಗೆ, “ನಿನ್ನ ಮದ್ವೆ ವಿಚಾರ ಏನಾಯ್ತು ಕೂಸೇ?” ಎಂಬ ಪ್ರಶ್ನೆ ಎರಡೂ ಸಲ. ಸೂಜಿ ತರಲು ಹೊರಟವಳಿಗೆ ಹೊಟ್ಟೆ ತುಂಬುತ್ತದೆ, ಸೂಜಿ ಮರೆಯುತ್ತದೆ.

4. ಅರ್ಜಿದಾರಳು ರವಿಕೆ ಹೊಲಿದು ಬದುಕುವವಳು. ಈ ವರ್ಷ ಇಲ್ಲಿನ ಒಂದು ಶಾಲೆಯ ತೇನ್ಮೊಳಿ ಟೀಚರು ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸವನ್ನು ಅವಳಿಗೆ ಕೊಡುವುದಾಗಿ ಹೇಳಿದರು. ಅವಳ ಕೈಗೆ ಇಷ್ಟು ದೊಡ್ಡ ಕೆಲಸ ಬಂದದ್ದು ಇದೇ ಮೊದಲು. ಇದಕ್ಕೆಂದು ಮಹಿಳಾ ಸಂಘದ ಮೂಲಕ ಅವಳಿಗೆ ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಮಷೀನು, ಅದರ ಮೇಜಿನ ಸಮೇತ, ದೊರಕಿತು. ಗೂಡಲೂರಿನಿಂದ ಅದನ್ನು ತಂದುಕೊಟ್ಟವರು ಪ್ರವಾಸಿಗರಿಗೆ ಜೀಪು ಓಡಿಸುವ ಗುರುಮೂರ್ತಿಯವರೇ. ಬಾಡಿಗೆ ಕೂಡ ಮುಟ್ಟಲಿಲ್ಲ. ಹೀಗಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಅರ್ಜಿದಾರಳಿಗೆ ದಾರಿಯಿಲ್ಲದಂತಾಯಿತು.

ಮಷೀನು ಸಿದ್ದಾಜಮ್ಮನವರ ಜಗಲಿಯವರೆಗೆ ಬಂದಿತು. ಅಲ್ಲಿಂದ ಕಾಲುದಾರಿಯಲ್ಲಿ ಗೂಡು. ಅಡುಗೆಮನೆಯಲ್ಲಿ ಸಾಗಿಸಲು ನೋಡಿದರು. ಒಲೆಯ ತಿರುವಿನಲ್ಲಿ ಮೇಜಿನ ಕಾಲು ಸಿಕ್ಕಿಕೊಂಡು, ಹೊತ್ತವರು ಅಲ್ಲಿಯೇ ಮಷೀನಿನ ಅಡಿಯಲ್ಲಿ ಕೂತು ಮುದ್ದೆ ಉಂಡು, ಬಂದ ದಾರಿಯಲ್ಲಿಯೇ ಅದನ್ನು ಹಿಂದಕ್ಕೆ ಒಯ್ದರು. ಬಿಚ್ಚಿ ಸಾಗಿಸೋಣವೆಂದರೆ, ಬಿಚ್ಚಿದರೆ ಗ್ಯಾರಂಟಿ ಇಲ್ಲವೆಂದು ಮಾರಿದವರು ಚೀಟಿ ಅಂಟಿಸಿದ್ದಾರೆ. ಆದಕಾರಣ ಮಷೀನು ಇಂದಿಗೂ ಜಗಲಿಯಲ್ಲಿದೆ. ಸಿದ್ದಾಜಮ್ಮನವರು ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ. ಬಂದವರೆಲ್ಲ “ಅವ್ವಾ, ಹೊಲಿಗೆ ಕಲಿತ್ರಾ?” ಎಂದು ಅವರನ್ನು ಕೇಳುತ್ತಾರೆ. ಶಾಲೆ ತೆರೆಯುವಷ್ಟರಲ್ಲಿ ಹೊಲಿಗೆ ಶುರುವಾಗದಿದ್ದರೆ ಕೆಲಸ ಗೂಡಲೂರಿನ ಟೈಲರಿಗೆ ಹೋಗುತ್ತದೆ ಎಂದು ಟೀಚರು ಸ್ಪಷ್ಟವಾಗಿ ತಿಳಿಸಿದ್ದಾರೆ.

ಅಳತೆ ಕೊಡಲು ಟೀಚರು ಮಕ್ಕಳ ಒಂದು ತಂಡವನ್ನೂ ಕಳಿಸಿದ್ದರು. ಅವರೂ ಅಡುಗೆಮನೆ ದಾಟಿಯೇ ಬರಬೇಕಾಯಿತು. ಸಿದ್ದಾಜಮ್ಮನವರು ಒಬ್ಬೊಬ್ಬರನ್ನೂ ಹಿಡಿದು ಕೂರಿಸಿ ತಂಬಿಟ್ಟು ತಿನ್ನಿಸಿದರು. ಅರ್ಜಿದಾರಳ ಟೇಪಿಗೆ ಸಿಕ್ಕ ಸೊಂಟಗಳು ಮಕ್ಕಳವೋ ತಂಬಿಟ್ಟಿನವೋ ಎಂಬುದು ಈಗ ಅನುಮಾನ. ಕಾರಣ ಎಲ್ಲವನ್ನೂ ಮತ್ತೆ ಅಳೆಯಬೇಕಾಗಿದೆ.

5. ಆದ್ದರಿಂದ ಅರ್ಜಿದಾರಳು ವಕೀಲರಾದ ದಿನೇಶ್‌ಕುಮಾರ್ ಅವರನ್ನು ಕಂಡಳು. ಅವರು ಊಟಿ ಕಡೆಯ ಬಡಗ ಸಮುದಾಯದ ಹಟ್ಟಿಯವರು. ವಾರಕ್ಕೊಮ್ಮೆ ಇಲ್ಲಿನ ಟೀ ಅಂಗಡಿಯ ಮಹಡಿಯಲ್ಲಿ ಕೂರುತ್ತಾರೆ. ಅರ್ಜಿದಾರಳು ಹೇಳಬೇಕಾದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿ ಅವರ ಮುಂದಿಟ್ಟಳು. ಓದಿ ಅವರು ಕೇಳಿದ ಮೊದಲ ಪ್ರಶ್ನೆ:

“ಬಾಯಲ್ಲಿ ಕೇಳಿದ್ದೀಯಾಮ್ಮ?”

ಅರ್ಜಿದಾರಳು ತನ್ನ ಚಪ್ಪಲಿಯನ್ನು ನೋಡಿಕೊಂಡಳು.

“ಕೇಳಿಲ್ಲ. ಸರಿ. ಅದೇ ಮೊದಲನೇ ಮೆಟ್ಟಿಲು. ಬಾಯಲ್ಲಿ ಕೇಳಬೇಕು. ಆಮೇಲೆ ಕಾಗದ ಕೊಡಬೇಕು. ಉತ್ತರ ಬರದಿದ್ರೆ ಜ್ಞಾಪಿಸಬೇಕು. ಅದಕ್ಕೂ ಬರದಿದ್ರೆ ನೋಟೀಸು. ಅದಾದ ಮೇಲೆ ಕೂತು ಮಾತಾಡಿ ಸಂಧಾನ. ಏನೂ ಆಗದಿದ್ರೆ ಕೋರ್ಟು. ಜಡ್ಜು ಮೊದಲು ಕೇಳೋದೇ, ಕೇಳಿ ನೋಡಿದ್ರಾ, ಕಾದು ನೋಡಿದ್ರಾ ಅಂತ. ಅವಸರ ಮಾಡಿದೋರ ಮೇಲೆ ಅವರಿಗೆ ಪ್ರೀತಿ ಇರಲ್ಲ.”

“ಸರ್,” ಎಂದಳು ಅರ್ಜಿದಾರಳು. ಆ ಇಡೀ ಭೇಟಿಯಲ್ಲಿ ಅವಳು ಬಾಯಿಬಿಟ್ಟು ಆಡಿದ್ದು ಇಷ್ಟೇ: “ಸರ್, ಎರಡನೇ ಮೆಟ್ಟಿಲಿಂದ ಶುರು ಮಾಡಬಹುದಾ?”

ವಕೀಲರು ಅವಳ ಕಾಗದವನ್ನು ಮಡಿಸಿ ಅವಳ ಕೈಗಿಟ್ಟರು. “ಕಾಲು ಉದ್ದ ಇದ್ರೆ ಹತ್ತಮ್ಮ. ಆದರೆ ಮೊದಲನೇದು ಅಲ್ಲೇ ಇರುತ್ತೆ, ಎಲ್ಲಿಗೂ ಹೋಗಲ್ಲ” ಎಂದರು.

6. ಅರ್ಜಿದಾರಳು ಎರಡನೇ ಮೆಟ್ಟಿಲಿನಿಂದ ಶುರು ಮಾಡಿದಳು. ಕಾಗದವನ್ನು ಅಂದವಾಗಿ ಬರೆದು, ಜೀಪು ಒರೆಸುತ್ತಿದ್ದ ಗುರುಮೂರ್ತಿಯವರ ಕೈಗೆ ಕೊಟ್ಟಳು. ಅವರು ಬಿಡಿಸಿ ಓದಿ, ಕಿವಿ ಕೆರೆದುಕೊಂಡು, “ನೋಡಾಣ ಬುಡು ತಂಗಿ” ಎಂದರು. ಕಾಗದ ಜೀಪಿನ ಕನ್ನಡಿಯ ಹಿಂದೆ ಸೇರಿತು. ಅರ್ಜಿದಾರಳು ದಿನವೂ ಜೀಪಿನ ಮುಂದೆ ಹಾದು ತನ್ನ ಕಾಗದವನ್ನು ನೋಡಿಕೊಂಡಳು. ಪ್ರವಾಸಿಗರು ಜೀಪು ಹತ್ತಿದರು, ಇಳಿದರು, ಜಿಂಕೆ ನೋಡಿ ಬಂದರು. ಜೊತೆಗೆ ಅರ್ಜಿದಾರಳ ಕಾಗದವೂ ಜಿಂಕೆ ನೋಡಿ ಬಂತು. ಉತ್ತರ ಬರಲಿಲ್ಲ. ಜ್ಞಾಪಿಸುವ ಸಲುವಾಗಿ ಅವಳು ಒಂದು ಬೆಳಿಗ್ಗೆ ಜೀಪಿನ ಪಕ್ಕದಲ್ಲಿ ಸುಮ್ಮನೆ ನಿಂತಳು.

“ಗೊತ್ತು ತಂಗಿ, ಗೊತ್ತು,” ಎಂದರು ಗುರುಮೂರ್ತಿಯವರು. “ಈಗ ಸೀಸನ್ನು. ಮುಖ ತೊಳ್ಯಕ್ಕೆ ಪುರುಸೊತ್ತಿಲ್ಲ ನಂಗೆ. ಸೀಸನ್ ಮುಗೀಲಿ, ಒಂದೇ ದಿನದಲ್ಲಿ ಒಡ್ದಾಕ್ತೀನಿ.”

ಊಟಿಯ ಸೀಸನ್ನು ಮುಗಿಯುವುದೂ ಶಾಲೆ ತೆರೆಯುವುದೂ ಒಟ್ಟಿಗೇ. ಕಾರಣ ಅರ್ಜಿದಾರಳು ನೋಟೀಸಿನ ಮೆಟ್ಟಿಲಿಗೆ ಏರಿದಳು.

7. ಈ ಏಳನೇ ಅಂಶವನ್ನು ತಾವು ದಯವಿಟ್ಟು ಗಮನವಿಟ್ಟು ಕೇಳಬೇಕು. ತಾವು ಈಗ ಕೂತಿರುವ ಸ್ಥಿತಿಗೆ ಇದೇ ಮೂಲ.

ನೋಟೀಸು ಬಂದ ದಿನ ಅರ್ಜಿದಾರಳು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ಪೋಸ್ಟಿನವರು ಜಗಲಿ ಹತ್ತಿದ್ದನ್ನೂ, ಸಿದ್ದಾಜಮ್ಮನವರು ಅರಿಶಿನದ ಕೈಯಲ್ಲೇ ಹೆಬ್ಬೆಟ್ಟು ಒತ್ತಿದ್ದನ್ನೂ, ಪೋಸ್ಟಿನವರು ಕಾಫಿ ಕುಡಿದು ಹೋದದ್ದನ್ನೂ ಕಿಟಕಿಯ ಸಂದಿಯಿಂದ, ಅವರ ಮನೆಯ ತೆರೆದ ಬಾಗಿಲುಗಳ ಮೂಲಕ ನೋಡಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಬಾಗಿಲನ್ನು ದಬದಬನೆ ಬಡಿದ ಸದ್ದಾಯಿತು.

“ಸರಣ್ಯಾ! ಏ ಸರಣ್ಯಾ! ಬಾ ಈಚೆಗೆ!”

ಅರ್ಜಿದಾರಳು ಮೆಲ್ಲಗೆ ಚಿಲಕ ಸರಿಸಿದಳು. ಕದ ತೆರೆದರೆ ಸಿದ್ದಾಜಮ್ಮನವರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ. ಅವರ ಕಂಕುಳಲ್ಲಿ ನೋಟೀಸು ಇದೆ.

“ಕೂಸೇ, ನಿಮ್ಮನೇಲಿ ಮೊಟ್ಟೆ ಅವಾ?” ಎಂದರು ಅವರು. “ನಮ್ಮ ಕೆಂಚಿಗೆ ಕಾವು ಬಂದದ. ಬೆಳಿಗ್ಗಿಂದ ಕೊಕ್ಕೊಕ್ಕೊ ಅನ್ಕೊಂಡು ಬರೀ ನೆಲದ ಮೇಲೇ ಕೂರ್ತಾವ್ಳೆ. ನನ್ನವು ಸಾಲ್ದು. ನಿನ್ನ ಕೋಳಿ ಜಾತಿ ಒಳ್ಳೇದು ಕನ. ಬೇಗ ಕೊಡು, ಹೊತ್ತು ಮೀರ್ತದ. ಮರಿ ಆದ್ಮೇಲೆ ನಿನ್ನ ಪಾಲು ನಿಂಗೆ.”

ಜಗಳಕ್ಕಲ್ಲ, ಮೊಟ್ಟೆಗೆ ಬಂದದ್ದು ಎಂದು ತಿಳಿದ ಕೂಡಲೇ ಅರ್ಜಿದಾರಳಿಗಾದ ಸಮಾಧಾನವನ್ನು ಈ ಅರ್ಜಿಯಲ್ಲಿ ಬರೆದು ತಿಳಿಸಲಾಗದು. ಅವಳು ಓಡಿಹೋಗಿ, ಮೂಲೆಯ ಬುಟ್ಟಿಯಲ್ಲಿ ಕೂತಿದ್ದ ತನ್ನ ಕೋಳಿಯನ್ನು ಎಬ್ಬಿಸಿ, ಕೈಗೆ ಬೆಚ್ಚಗೆ ಸಿಕ್ಕಿದ್ದನ್ನೆಲ್ಲ ದುಪಟ್ಟಾದಲ್ಲಿ ತುಂಬಿ ತಂದು ಅವರ ಮಡಿಲಿಗೆ ಇಳಿಸಿಬಿಟ್ಟಳು. ಕೊಡುವಾಗ ಒಂದೊಂದನ್ನೂ ನೋಡಲಿಲ್ಲ. ಸಿದ್ದಾಜಮ್ಮನವರು ತಮ್ಮ ಮೊಟ್ಟೆಗಳಿಗೆ ಇದ್ದಿಲಿನಿಂದ ಗೆರೆ ಎಳೆದುಕೊಂಡು, ಅರ್ಜಿದಾರಳವನ್ನು ಗೆರೆಯಿಲ್ಲದೆ ಬಿಟ್ಟು, ಎಲ್ಲವನ್ನೂ ಕೆಂಚಿಯವರಾದ ತಮ್ಮ ಕೆಳಗೆ ಇಟ್ಟರು. ಹುಲ್ಲಿನ ಕೆಳಗೆ ಹಾಸಲು ದಪ್ಪ ಕಾಗದ ಬೇಕಿತ್ತು. ಅದು ಅವರ ಕಂಕುಳಲ್ಲೇ ಇತ್ತು. ಹೀಗೆ ವಕೀಲರ ನೋಟೀಸು ತಮಗೆ ಖುದ್ದಾಗಿ ಜಾರಿಯಾಯಿತು. ಸದರಿ ಜಾಗದ ಸ್ವಾಧೀನದಲ್ಲಿ ಈಗ ಇರುವವರು ತಾವೇ ಆದಕಾರಣ, ಈ ಅರ್ಜಿಯೂ ತಮ್ಮ ಹೆಸರಿಗೇ ಬರಬೇಕಾಯಿತು.

8. ಮುಂದಿನ ವಾರ ವಕೀಲರು ಖುದ್ದಾಗಿ ಸಂಧಾನಕ್ಕೆ ಬಂದರು. ಸಿದ್ದಾಜಮ್ಮನವರು ಮೊದಲು ಮುದ್ದೆ, ಆಮೇಲೆ ಅವರೆಕಾಳು ಸಾರು, ಆಮೇಲೆ ಅರ್ಜಿದಾರಳೇ ಸುಲಿದಿದ್ದ ಬೆಳ್ಳುಳ್ಳಿಯ ಉಪ್ಪಿನಕಾಯಿ ಬಡಿಸಿದರು. ವಕೀಲರು ಬೆರಳು ನೆಕ್ಕಿ, ಕೈ ತೊಳೆದುಕೊಂಡು, ತಮ್ಮ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

“ಅಮ್ಮಾ, ಇದನ್ನ ತೆಗೀಬೇಕು” ಎಂದರು.

“ಕಾವ್ಗೆ ಕೂತಿರೋ ಕೋಳೀನ ಎಬ್ಬುಸ್ತಾರಾ ಲಾಯರಪ್ಪ? ಬಾಣಂತಿ ಮಂಚ ಎತ್ತಿ ಬೀದಿಗೆ ಹಾಕ್ದಂಗೆ ಆಯ್ತದ ಅದು. ನಿಮ್ಮ ಹಟ್ಟೀಲಿ ಮಾಡ್ತಾರಾ, ಯೋಳಿ.”

“ಇಲ್ಲಮ್ಮ, ಮಾಡಲ್ಲ. ಆದರೆ ನಿಮ್ಮ ಕೋಳಿ, ನಿಮ್ಮ ಮೊಟ್ಟೆ. ಅದಕ್ಕೆ ಆ ಹುಡುಗಿ ದಾರಿ ಯಾಕೆ ಬಿಟ್ಟುಕೊಡಬೇಕು?”

“ನನ್ನ ಮೊಟ್ಟೆ ಮಾತ್ರ ಅಂದೋರ್ಯಾರು? ಅರ್ಧ ಅವಳವೇ. ಕೇಳಿ ಬೇಕಾದ್ರೆ.”

ವಕೀಲರು ನಿಧಾನವಾಗಿ ತಿರುಗಿ ಅರ್ಜಿದಾರಳನ್ನು ನೋಡಿದರು. ಅರ್ಜಿದಾರಳು ತಲೆಯಾಡಿಸಿದಳು.

“ಕೊಟ್ಟಿದ್ದು ಯಾವಾಗ? ನೋಟೀಸಿಗೆ ಮೊದಲಾ, ಆಮೇಲಾ?”

ಅರ್ಜಿದಾರಳ ಬದಲು ಸಿದ್ದಾಜಮ್ಮನವರೇ ಉತ್ತರ ಕೊಟ್ಟರು: “ನಿಮ್ಮ ಕಾಗ್ದ ಬಂದ ದಿನಾನೇ. ಪಾಪ, ಕೇಳಿದ ತಕ್ಷಣ ಓಡೋಗಿ ತಂದ್ಕೊಟ್ಳು. ಚಿನ್ನದಂಥ ಹುಡ್ಗಿ.”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ರಸ್ತೆಗೆ ಬಂದ ಮೇಲೆ ಅರ್ಜಿದಾರಳಿಗೆ ಮೆಲ್ಲಗೆ ಹೇಳಿದರು: “ಗೂಡು ತೆಗೀರಿ ಅಂತ ನೋಟೀಸು ಕೊಟ್ಟು, ಅದೇ ಗೂಡಿಗೆ ನೀನೇ ಮೊಟ್ಟೆ ಕೊಟ್ಟಿದ್ದೀಯಲ್ಲಮ್ಮ. ಇದನ್ನ ನಾನು ಜಡ್ಜಿಗೆ ಯಾವ ಬಾಯಲ್ಲಿ ಹೇಳಲಿ? ಮರಿ ಆಗಲಿ. ಕೋಳಿ ಎದ್ದ ದಿನ ಗೂಡು ಒಡೀಬೇಕು ಅಂತ ಆಯಮ್ಮನ ಹತ್ತಿರ ಮಾತು ತಗೊಂಡಿದ್ದೀನಿ. ಕೊನೇ ಮೊಟ್ಟೆ ಒಡೆಯೋವರೆಗೂ ಇದ್ದದ್ದು ಇದ್ದ ಹಾಗೇ ಇರಲಿ.”

ಜಗಲಿಯಲ್ಲಿ ಮೆಣಸಿನಕಾಯಿ ಮಗುಚುತ್ತಿದ್ದ ಸಿದ್ದಾಜಮ್ಮನವರು ಈ ಕೊನೆಯ ಮಾತನ್ನು ಕೇಳಿಸಿಕೊಂಡಿದ್ದರು. ಅಂದಿನಿಂದ ಅದನ್ನು ದೇವರ ವಾಕ್ಯದಂತೆ ಪಾಲಿಸುತ್ತಿದ್ದಾರೆ.

9. ಮರಿಗಳಾದವು. ಅರ್ಜಿದಾರಳ ಗೋಡೆಯಲ್ಲಿ ಗಾರೆ ಉದುರಿ ಒಂದು ತೂತಾಗಿದೆ. ಕಣ್ಣಿಟ್ಟರೆ ತಾವು ಕಾಣುತ್ತೀರಿ, ಕೈ ಹಾಯುವುದಿಲ್ಲ. ಸೌಟಿನ ಹಿಡಿ ತೂರಿಸಿ ನೋಡಿದ್ದುಂಟು. ತಾವು ಕುಕ್ಕಿದ ಗುರುತು ಆ ಹಿಡಿಯ ಮೇಲಿದೆ. ಈ ತೂತಿನಿಂದ ಅರ್ಜಿದಾರಳು ಒಂದೊಂದು ಮರಿ ಬರುವುದನ್ನೂ ನೋಡಿದಳು. ಬಂದ ಬಂದ ಮರಿಯನ್ನು ಸಿದ್ದಾಜಮ್ಮನವರು ಎತ್ತಿ ಒಲೆಯ ಪಕ್ಕದ ಬುಟ್ಟಿಯಲ್ಲಿ ಬೆಚ್ಚಗಿಟ್ಟರು. ಮರಿಗಳು ಕಣ್ಣಿಗೆ ಬಿದ್ದರೆ ತಾವು ಉಳಿದ ಮೊಟ್ಟೆ ಬಿಟ್ಟು ಎದ್ದುಬಿಡುತ್ತೀರಿ ಎಂಬುದು ಅವರ ಲೆಕ್ಕ. ಹಾಗೆ ಎಲ್ಲವೂ ಬಂದವು. ಒಂದು ಉಳಿಯಿತು. ಅದರ ಮೇಲೆ ಇದ್ದಿಲ ಗೆರೆಯಿಲ್ಲ.

ಅಂದು ಗುರುಮೂರ್ತಿಯವರೇ ಹಾರೆ ಹಿಡಿದು ಬಂದಿದ್ದರು. “ಅವ್ವಾ, ಸೀಸನ್ನೂ ಮುಗೀತು. ಎಬ್ಬುಸ್ಬುಡು, ಒಡ್ದು ಬಿಸಾಕ್ತೀನಿ” ಎಂದರು.

“ಹಾರೆ ಕೆಳಗಿಡೋ!” ಎಂದು ಸಿದ್ದಾಜಮ್ಮನವರು ಗೂಡಿಗೆ ಅಡ್ಡ ನಿಂತರು. “ಉಳ್ದಿರೋದು ಆ ಕೂಸಿನ ಮೊಟ್ಟೆ. ನನ್ನದಾಗಿದ್ರೆ ಈಗ್ಲೇ ಎಬ್ಬುಸ್ತಿದ್ದೆ. ನಾಳೆ ಅತ್ತೆ ನನ್ನ ಮರಿ ಕೊಂದ್ಳು ಅಂತ ಇನ್ನೊಂದು ಕಾಗ್ದ ಬಂದ್ರೆ? ಲಾಯರಪ್ಪ ಏನಂದ? ಕೊನೇ ಮೊಟ್ಟೆ ಒಡೆಯೋಗಂಟ ಇದ್ದಂಗೇ ಇರ್ಬೇಕು ಅಂದ. ನಾನು ಕಾನೂನಿಗೆ ಹೆದ್ರೋಳು ಕನಪ್ಪ.”

ಅರ್ಜಿದಾರಳ ಪಾಲಿನ ಜೀವಕ್ಕೆ ಸಿದ್ದಾಜಮ್ಮನವರು ತಮಗಿಂತ ಗಟ್ಟಿಯಾಗಿ ಕಾವಿಗೆ ಕೂತಿರುವುದನ್ನು ಅರ್ಜಿದಾರಳು ತೂತಿನಿಂದಲೇ ನೋಡಿದಳು.

10. ಈಗ ಅರ್ಜಿದಾರಳು ತಮಗೆ ತಿಳಿಸಲೇಬೇಕಾದ, ಬೇರಾರಿಗೂ ಇನ್ನೂ ತಿಳಿಸದ ಸಂಗತಿ. ಮೊನ್ನೆ ತಾವು ಆ ಕೊನೆಯದನ್ನು ಕೊಕ್ಕಿನಿಂದ ಮಗುಚಿದಿರಿ. ಅದು ಇಟ್ಟಿಗೆಗೆ ತಾಗಿ ‘ಟಕ್’ ಎಂದಿತು. ಮೊಟ್ಟೆ ತಾಗಿದರೆ ಹಾಗೆ ಸದ್ದಾಗುವುದಿಲ್ಲ. ಅರ್ಜಿದಾರಳು ಓಡಿಹೋಗಿ ತನ್ನ ಕೋಳಿಯ ಬುಟ್ಟಿಯನ್ನು ಕೆದಕಿ ನೋಡಿದಳು. ಕೋಳಿ ಬೇರೆಲ್ಲೂ ಮೊಟ್ಟೆಯಿಡದೆ ಬುಟ್ಟಿಗೇ ಬರಲೆಂದು, ಅವಳ ತಾಯಿ ಕಲ್ಲಟ್ಟಿಯ ಹಳ್ಳದಿಂದ ಆಯ್ದು ತಂದ ಒಂದು ನುಣುಪಾದ ಬಿಳಿ ಕಲ್ಲು ಸದಾ ಅಲ್ಲಿರುತ್ತಿತ್ತು. ತಮ್ಮಂಥವರು ಅದನ್ನು ಮೊಟ್ಟೆಯೆಂದೇ ನಂಬುತ್ತಾರೆ. ಆ ಕಲ್ಲು ಬುಟ್ಟಿಯಲ್ಲಿಲ್ಲ. ಸಿದ್ದಾಜಮ್ಮನವರು ಕದ ಬಡಿದ ದಿನ ಕೋಳಿಯ ಕೆಳಗೆ ಕಲ್ಲೂ ಬೆಚ್ಚಗಿತ್ತು.

ತಾವು ಕಾವು ಕೊಡುತ್ತಿರುವುದು ಕಲ್ಲಿಗೆ. ತಮ್ಮಂಥ ತಾಳ್ಮೆ ಅರ್ಜಿದಾರಳು ಬೇರೆಲ್ಲೂ ಕಂಡಿಲ್ಲ. ಆದರೆ ಎಷ್ಟು ಕೂತರೂ ಅದು ಮರಿಯಾಗುವುದಿಲ್ಲ.

ಇದನ್ನು ಸಿದ್ದಾಜಮ್ಮನವರಿಗೆ ಹೇಳಲು ಅರ್ಜಿದಾರಳು ನಿನ್ನೆ ಹೋಗಿದ್ದಳು.

“ಅತ್ತೆ, ಆ ಮೊಟ್ಟೆ...” ಎಂದಳು.

“ಗೊತ್ತು ಕೂಸೇ, ನಿಂಗೆ ಯೋಚ್ನೆ. ಹೆದ್ರಬೇಡ, ನಾನಿದ್ದೀನಿ. ನಿನ್ನಂಗೇ ಕನ ಅದೂ, ಈಚೆಗೆ ಬರಕ್ಕೆ ನಾಚ್ಕತದ. ಈಗ ಉಣ್ಣು” ಎಂದರು ಅವರು.

ಅರ್ಜಿದಾರಳು ಉಂಡಳು. ಉಂಡ ಮನೆಯ ಪದ್ಧತಿಯನ್ನು ಮೇಲೆಯೇ ಹೇಳಲಾಗಿದೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಗಾಗಿ, ಮತ್ತು ನಾಡಿದ್ದು ಶಾಲೆ ತೆರೆಯುವ ಕಾರಣ, ಮತ್ತು ತೇನ್ಮೊಳಿ ಟೀಚರು ಕೆಲಸವನ್ನು ಅಲ್ಲಿನ ಟೈಲರಿಗೆ ಒಪ್ಪಿಸಲು ನಾಳೆ ಸಂಜೆಯ ಬಸ್ಸಿಗೆ ಗೂಡಲೂರಿಗೆ ಹೋಗುವವರಿರುವ ಕಾರಣ, ಅರ್ಜಿದಾರಳು ತಮ್ಮಲ್ಲಿ ವಿನಂತಿಸುವುದೇನೆಂದರೆ:

(ಅ) ತಾವು ತಾವಾಗಿಯೇ ಎದ್ದು ಹೊರಬರಬೇಕು. ಮೆಚ್ಚಿ ಎದ್ದರೂ ಸರಿ, ಬೇಸತ್ತು ಎದ್ದರೂ ಸರಿ, ಅರ್ಜಿದಾರಳು ಕಾರಣ ಕೇಳುವುದಿಲ್ಲ.

(ಆ) ಏಳಲು ಮನಸ್ಸಿಲ್ಲದಿದ್ದರೆ, ಸದರಿ ಕಲ್ಲನ್ನು ಗೂಡಿನ ಬಾಗಿಲಿನಿಂದ ಹೊರಕ್ಕೆ ಉರುಳಿಸಬೇಕು. ಸಿದ್ದಾಜಮ್ಮನವರು ಎಡವಿದರೆ ಅವರಾಗಿಯೇ ತಿಳಿದುಕೊಳ್ಳುತ್ತಾರೆ, ಯಾರೂ ಹೇಳಬೇಕಾಗುವುದಿಲ್ಲ.

(ಇ) ಅಡುಗೆಮನೆಯ ಬುಟ್ಟಿಯಲ್ಲಿರುವ ಮರಿಗಳಲ್ಲಿ ಅರ್ಜಿದಾರಳ ಪಾಲನ್ನು ತಾವೇ ಸಾಕಿಕೊಳ್ಳಬಹುದು. ಅವು ಯಾರವೆಂದು ಮೈಮೇಲೆ ಗೆರೆಯಿಲ್ಲ, ಕೋರ್ಟಿಗೂ ಗೊತ್ತಾಗದು.

ದಾವೆ ಹೂಡುವ ಮೊದಲು ಕಾಯಬೇಕಾದ ರೀತಿಯಲ್ಲಿಯೇ ಅರ್ಜಿದಾರಳು ಕಾದಿದ್ದಾಳೆ. ತಾವೂ ಕಾದಿದ್ದೀರಿ. ಇಬ್ಬರೂ ಕಾದದ್ದು ಒಂದೇ ಕಲ್ಲಿನ ಮೇಲೆ.

ಗೋಡೆಯ ಈಚೆ ಬದಿಯಿಂದ, ತಮ್ಮ ವಿಶ್ವಾಸಿ,
ಸರಣ್ಯಾ

ಲಗತ್ತುಗಳು:
1. ಉಪ್ಪಿನಕಾಯಿಯ ಬಾಟಲಿ (ಖಾಲಿ).
2. ನೋಟೀಸು ತಲುಪಿದ್ದಕ್ಕೆ ಬಂದ ಕಾರ್ಡು, ಸಿದ್ದಾಜಮ್ಮನವರ ಅರಿಶಿನದ ಹೆಬ್ಬೆಟ್ಟಿನೊಂದಿಗೆ.
3. ಕುಕ್ಕಿದ ಗುರುತಿರುವ ಸೌಟು.
4. ಒಂದು ಹಿಡಿ ರಾಗಿ (ತಾವು ಎದ್ದ ಪಕ್ಷದಲ್ಲಿ ಮಾತ್ರ).
5. ಬಿಳಿ ಕಲ್ಲು: ಲಗತ್ತಿಸಿಲ್ಲ, ತಮ್ಮಲ್ಲಿಯೇ ಇದೆ.

ಷರಾ: ಮೇಲಿನ ಅರ್ಜಿಯನ್ನು ಅರ್ಜಿದಾರಳು ಇಂದು ಮಧ್ಯಾಹ್ನ ಗೋಡೆಯ ತೂತಿಗೆ ಬಾಯಿಟ್ಟು ತಮಗೆ ಓದಿ ಹೇಳಿದಳು. ಮೊದಲು ತುಟಿಯಲ್ಲಿ, ಆಮೇಲೆ ಪಿಸುಮಾತಿನಲ್ಲಿ, ಏಳನೇ ಅಂಶದಿಂದ ಮುಂದೆ ಸ್ವಲ್ಪ ಜೋರಾಗಿ. ತಾವು ರೆಕ್ಕೆ ಅಗಲಿಸಿ ಇನ್ನೂ ಒತ್ತಿ ಕೂತಿರಿ. ಹತ್ತನೇ ಅಂಶದಲ್ಲಿ ‘ಕಲ್ಲು’ ಎಂಬ ಮಾತು ಬಂದಾಗ ಆಚೆ ಅಡುಗೆಮನೆಯಲ್ಲಿ ಹಿಟ್ಟಿನ ಕೋಲಿನ ಸದ್ದು ನಿಂತಿತು. ಎದುರುದಾರರು ಕೇಳಿಸಿಕೊಂಡರೋ, ಮುದ್ದೆ ಆಯಿತೋ, ತಿಳಿಯಲಿಲ್ಲ. ಉಲ್ಲೇಖ ಒಂದು ಇನ್ನೂ ಬಾಕಿ ಇರುವ ಕಾರಣ, ಅರ್ಜಿದಾರಳು ಕಾಗದವನ್ನು ಕೆಳಗಿಟ್ಟಳು. ಕಾಗದದಲ್ಲಿ ಇಲ್ಲದ ಮಾತನ್ನು, ತಗಡು ಅದುರುವಷ್ಟು ಗಟ್ಟಿಯಾಗಿ, ಒಂದೇ ಉಸಿರಿನಲ್ಲಿ ಹೇಳಿದಳು:

“ಅತ್ತೆ, ಅದು ಮೊಟ್ಟೆ ಅಲ್ಲ, ನಮ್ಮನೆ ಕಲ್ಲು. ಕೆಂಚೀನ ಎಬ್ಬಿಸಿ. ನಂಗೆ ದಾರಿ ಬೇಕು.”